ನನ್ನ ನಾಲ್ಕನೇ ವಕೀಲರನ್ನೂ ಉದ್ಧಾರ ಮಾಡಿದವರಿಗೆ

ಮಾನ್ಯರೇ,

ಲಡ್ಲೊ ಪಟ್ಟಣದ ಎಂಬತ್ತೆಂಟರ ಮುದುಕಿ ಈನಿಡ್ ಟಾಲಿ, ಜನರ ಉಯಿಲು, ಆಸ್ತಿಪಾಸ್ತಿ ನೋಡಿಕೊಳ್ಳುವ ಅನುಭವಿ ವಕೀಲರಿಗೆ ಮೇಲಿಂದ ಮೇಲೆ ಹೊಸ ಹುದ್ದೆ ಹುಡುಕಿಕೊಡುವ ತಮ್ಮ ಘನ ಸಂಸ್ಥೆಗೆ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಮೂರು ವರ್ಷಗಳಲ್ಲಿ ನನ್ನ ನಾಲ್ವರು ವಕೀಲರಿಗೆ ತಾವು ಉಜ್ವಲ ಭವಿಷ್ಯ ಕರುಣಿಸಿದ್ದೀರಿ. ನನ್ನ ಭವಿಷ್ಯ ಮಾತ್ರ, ವೈದ್ಯರ ಪ್ರಕಾರ, ಕ್ರಿಸ್‌ಮಸ್ ಕಂಡರೆ ಹೆಚ್ಚು.

ನನ್ನ ಆಸೆ ಬಲು ಚಿಕ್ಕದು. ಹನ್ನೊಂದು ವರ್ಷ ನನ್ನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿ, ಊಟ ತಂದುಕೊಟ್ಟು, ಜೊತೆಗೆ ನನ್ನ ಬೈಗುಳವನ್ನೂ ತಿಂದ ಪಕ್ಕದ ಬಾಡಿಗೆ ಮನೆಯ ಮೊರೀನ್‌ಗೆ ಈ ಮನೆ ಸೇರಬೇಕು. ಉಯಿಲು ಕೆಟ್ಟರೆ ಮನೆ ತೀರಿಹೋದ ನನ್ನ ಅಣ್ಣನ ಮಗ ಜೈಲ್ಸ್‌ನ ಪಾಲು. ಕಳೆದ ಸಲ ಬಂದವನು ನನ್ನ ಆರೋಗ್ಯ ವಿಚಾರಿಸುವ ಮೊದಲು ಕಿಟಕಿಗಳ ಅಳತೆ ತೆಗೆದುಕೊಂಡ ಮಹಾನುಭಾವ!

ಮೊದಲ ಮೂವರು ನನ್ನ ಬುದ್ಧಿ ಸ್ವಾಧೀನದಲ್ಲಿದೆಯೇ ಎಂದು ಪರೀಕ್ಷಿಸುವಷ್ಟರಲ್ಲೇ ತಮ್ಮ ಸಂಸ್ಥೆಯ ಕರೆ ಬಂದು ಎದ್ದುಹೋದರು. ನಾಲ್ಕನೆಯವರಾದ ಹ್ಯಾಲಮ್ ಅವರದು ಇಪ್ಪತ್ತು ವರ್ಷದ ಅನುಭವವಂತೆ. ನನ್ನ ಸಹಿಗೆ ಅವರೇ ಒಬ್ಬ ಸಾಕ್ಷಿಯಾಗಿ, ಇನ್ನೊಬ್ಬರಿಗಾಗಿ ಅತ್ತಿತ್ತ ನೋಡುತ್ತಿರುವಾಗಲೇ ಅವರ ಫೋನು ಬಡಿದುಕೊಂಡಿತು; ಎಂದಿನಂತೆ ತಮ್ಮ ಸಂಸ್ಥೆಯದೇ ಕರೆ. ಚಹಾ ತಂದ ಮೊರೀನ್‌ಳನ್ನೇ ಹಿಡಿದು, “ಇಲ್ಲೊಂದು ಸೈನ್ ಹಾಕಿಬಿಡಿ, ನಂಗೆ ಅರ್ಜೆಂಟಿದೆ” ಎಂದರು. “ನಾನ್ ಹಾಕ್ಬಹುದಾ ಸಾರ್?” ಎಂದಳು ಪಾಪ. “ಅಯ್ಯೋ, ಯಾರಾದ್ರೂ ನಡೆಯುತ್ತೆ!”

ನಡೆಯುವುದಿಲ್ಲ, ಮಾನ್ಯರೇ. ಉಯಿಲಿಗೆ ಸಾಕ್ಷಿ ಹಾಕಿದವರಿಗೆ ಅದರಿಂದ ಏನೂ ದಕ್ಕದೆಂಬುದು ನಮ್ಮ ಅಂಚೆಯ ಕ್ಲೈವ್‌ಗೂ ಗೊತ್ತು. ಮರುವಾರ ನನಗೆ ಹೇಳಿದವನೂ ಅವನೇ. ಕೂಡಲೇ ಕಚೇರಿಗೆ ಫೋನು ಮಾಡಿದರೆ, “ಹ್ಯಾಲಮ್ ಸಾರ್ ನಿನ್ನೆನೇ ಬಿಟ್ರು, ಮಿಸೆಸ್ ಟಾಲಿ. ಒಳ್ಳೇ ಅವಕಾಶ ಬಂತಂತೆ” ಎಂದಳು ಅಲ್ಲಿಯ ಹುಡುಗಿ. “ನಾನೂ ಹೊರಟಿದ್ದೀನಮ್ಮ, ಅಷ್ಟರೊಳಗೆ ಯಾರನ್ನಾದ್ರೂ ಕಳ್ಸು” ಎಂದೆ.

ಆದ್ದರಿಂದ, ಚಹಾ ಆರುವವರೆಗಾದರೂ ಒಂದೇ ಕುರ್ಚಿಯಲ್ಲಿ ಕೂರಬಲ್ಲ ಅನುಭವಿ ವಕೀಲರೊಬ್ಬರನ್ನು ಹುಡುಕಿ, ಅವರ ಫೋನನ್ನು ತಮ್ಮಲ್ಲೇ ಇಟ್ಟುಕೊಂಡು ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಮೊರೀನ್‌ಗೆ ನಾನಿನ್ನೂ ಏನೂ ಹೇಳಿಲ್ಲ. ನನಗೊಂದು ಉಪಕಾರ ಮಾಡಿದೆನೆಂದೇ ಅವಳು ತಿಳಿದಿದ್ದಾಳೆ. ಅವಳ ಮುಖ ನೋಡಲು ನನಗೆ ನಾಚಿಕೆಯಾಗುತ್ತದೆ.

ಉಸಿರಿರುವವರೆಗೆ ತಮ್ಮ ವಿಶ್ವಾಸಿ,
ಈನಿಡ್ ಟಾಲಿ

ತಾ.ಕ.: ಹೊಸ ಸಹಿಗೆ, ನನ್ನಿಂದ ಚಿಕ್ಕಾಸೂ ಸಿಗದ ಇಬ್ಬರು ಸಾಕ್ಷಿಗಳು ಬೇಕು. ಕ್ಲೈವ್ ಒಪ್ಪಿದ್ದಾನೆ. ಇನ್ನೊಬ್ಬರಾಗಿ ತಾವೇ ದಯಮಾಡಿಸಿ, ತಮಗಿಂತ ಅರ್ಹರು ನನಗೆ ಕಾಣುತ್ತಿಲ್ಲ. ಬಾಗಿಲು ತೆಗೆಯುವವಳು ಮೊರೀನ್. ನಾನು ಹೇಳಲಾರದ್ದನ್ನು ಅವಳಿಗೆ ತಾವೇ ಹೇಳಿ.