ನೆಂಟರಿಲ್ಲದ ದಾರಿ

ಮೋಟರ್ ಸೈಕಲ್ ಓಡಿಸುವವನಿಗೆ ದಾರಿಯಲ್ಲಿ ಅಪಾಯ ಯಾವುದರಿಂದ ಎಂದು ಕೇಳಿದರೆ ಬೇರೆ ಕಡೆಯವರು ಗುಂಡಿ, ಮರಳು, ಅಡ್ಡ ಬರುವ ನಾಯಿ ಎಂದಾರು. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಇವು ಯಾವುವೂ ಲೆಕ್ಕಕ್ಕಿಲ್ಲ. ಗುಂಡಿ ಇದ್ದಲ್ಲೇ ಇರುತ್ತದೆ, ನಾಯಿ ಗದರಿದರೆ ಓಡುತ್ತದೆ. ನೆಂಟರು ಹಾಗಲ್ಲ. ಅವರು ಜಗಲಿಯಿಂದ ಇಳಿದು ಬಂದು ಹ್ಯಾಂಡಲ್ ಹಿಡಿದುಕೊಳ್ಳುತ್ತಾರೆ. "ಒಂದ್ಲೋಟ ಕಾಫಿ ಕುಡ್ಕೊಂಡ್ ಹೋಗಪ್ಪಾ" ಎಂದು ಶುರುವಾದದ್ದು ಊಟ, ಎಲೆ ಅಡಿಕೆ, ಹಳೇ ಮದುವೆಯೊಂದರ ಮುನಿಸು ಇವನ್ನೆಲ್ಲ ದಾಟಿ ಸಂಜೆಗೆ ಮುಗಿಯುತ್ತದೆ. ನಿಲ್ಲಿಸದೆ ಹೋಗೋಣವೆಂದರೆ, "ಬಾಗ್ಲು ಮುಂದೇ ಹೋದ, ಒಳೀಕ್ ಬರ್ಲಿಲ್ಲ ನೋಡು" ಎಂಬ ಮಾತು ಮೂರು ಮದುವೆ, ಎರಡು ತಿಥಿಗಳ ತನಕ ಓಡಾಡುತ್ತದೆ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡು ಜಾರಿಕೊಳ್ಳಬಹುದು ಎಂದು ನಾನೂ ಒಮ್ಮೆ ನಂಬಿದ್ದೆ. ನಮ್ಮ ಸೋದರತ್ತೆ ಹೊಲದ ಬದುವಿನಲ್ಲೇ ನಿಂತು ಕೂಗಿ ನಿಲ್ಲಿಸಿದರು. "ಮುಖ ಯಾಕೋ ಬೇಕು? ನಿಮ್ಮಪ್ಪ ಗಾಡಿ ಮೇಲೆ ಹಿಂಗೇ ಒಂದ್ ಕಡೆ ವಾಲ್ಕೊಂಡ್ ಕೂರ್ತಿದ್ದ" ಎಂದರು.

ನಾನು ಕಡೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು. ಐವತ್ತೆರಡು ವಯಸ್ಸಿಗೆ ಬೈಕ್ ಸಂಘ ಸೇರಿದ್ದು ತಪ್ಪು ಎನ್ನುವುದು ನನ್ನ ಹೆಂಡತಿ ಸರೋಜಳ ಅಭಿಪ್ರಾಯ. ಸಂಘದಲ್ಲಿ ನಾವು ಹನ್ನೊಂದು ಜನ. ಅಧ್ಯಕ್ಷರು ಕೊಬ್ಬರಿ ವ್ಯಾಪಾರದ ಮಲ್ಲಣ್ಣ. ಅವರು ಕೂತರೆ ಬೈಕು ಕಾಣಿಸುವುದಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ಎಲ್ಲರಿಗಿಂತ ಚಿಕ್ಕವನು ಮೊಬೈಲ್ ಅಂಗಡಿಯ ಯೋಗೀಶ. ಮೊಣಕೈ, ಮೊಣಕಾಲಿಗೆಲ್ಲ ಕವಚ ಕಟ್ಟಿಕೊಂಡು ಯುದ್ಧಕ್ಕೆ ಹೊರಟವನ ಹಾಗೆ ಬರುತ್ತಾನೆ. ಬೆಳಿಗ್ಗೆ ಹೊರಟು, ಅಂಕುಡೊಂಕು ರಸ್ತೆಯಲ್ಲಿ ಸಾಲಾಗಿ ಹೋಗಿ, ತರೀಕೆರೆ ಹತ್ತಿರದ ಅಮೃತಾಪುರದ ದೇವಸ್ಥಾನದ ಮುಂದೆ ಹನ್ನೊಂದು ಬೈಕು ನಿಲ್ಲಿಸಿ ಒಂದು ಫೋಟೊ ತೆಗೆಸಿಕೊಂಡು ಬರುವುದು, ಇಷ್ಟೇ ನಮ್ಮ ಆಸೆ. ಎರಡು ಸಲ ಹೊರಟಿದ್ದೆವು. ಮೊದಲ ಸಲ ಬೀರೂರಿನಲ್ಲಿ ಮಲ್ಲಣ್ಣನ ಮಾವನ ಮನೆ ಅಡ್ಡ ಬಂತು. ಬೀರೂರು ಅಂದರೆ ಕಡೂರಿನಲ್ಲಿ ಸ್ಟಾರ್ಟ್ ಮಾಡಿದ ಬೈಕಿನ ಇಂಜಿನ್ ಬಿಸಿಯಾಗುವ ಮೊದಲೇ ಬರುವ ಊರು. ಎರಡನೆಯ ಸಲ ಹಿರೇನಲ್ಲೂರಿನಲ್ಲಿ ಯೋಗೀಶನ ಅಕ್ಕ ಹೋಳಿಗೆ ಬಡಿಸಿದರು. ಹೋಳಿಗೆ ಉಂಡವನು ಬೈಕ್ ಹತ್ತಲಾರ. ಜಮಖಾನೆ ಹಾಸಿಸಿಕೊಂಡು ಮಲಗುತ್ತಾನೆ. ಹನ್ನೊಂದು ಜನವೂ ಮಲಗಿದೆವು.

"ಮೂರನೇ ಸಲವೂ ಮುಟ್ಟಲಿಲ್ಲ ಅಂದ್ರೆ ಸಂಘ ಬರ್ಖಾಸ್ತು ಕಣ್ರೀ. ನಗ್ತಾರೆ ಜನ" ಎಂದರು ಮಲ್ಲಣ್ಣ. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನೀವು ಮ್ಯಾಪ್ ಪಾಠ ಮಾಡೋರು. ನೆಂಟ್ರಿಲ್ದಿರೋ ದಾರಿ ಒಂದ್ ಹುಡುಕಿ. ಮುಂದೆ ನೀವೇ ಹೋಗಿ. ಮುಟ್ಟಿಸಿದ್ರೆ ಇನ್ಮೇಲೆ ಯಾವತ್ತೂ ನೀವೇ ಮುಂದೆ. ಮುಟ್ಟಿಸ್ದೇ ಇದ್ರೆ ಗಾಳಿ ಪಂಪು ಹೊತ್ಕೊಂಡು ಕೊನೇಲಿ" ಎಂದರು.

ನಿಜ ಹೇಳುತ್ತೇನೆ, ನನಗೆ ಆ ಮುಂದಿನ ಜಾಗ ಬೇಕಾಗಿತ್ತು. ತುಂಬಾ ಬೇಕಾಗಿತ್ತು. ಹುಟ್ಟಿದಾಗಿನಿಂದ ನಾನು ಯಾವುದರಲ್ಲೂ ಮುಂದೆ ಇದ್ದವನಲ್ಲ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರು ಪುಟದ ತಳದಲ್ಲಿರುತ್ತದೆ. ಮದುವೆ ಊಟದಲ್ಲಿ ನನ್ನ ಪಂಕ್ತಿಗೆ ಬರುವ ಹೊತ್ತಿಗೆ ಪಾಯಸದಲ್ಲಿ ದ್ರಾಕ್ಷಿ ಇರುವುದಿಲ್ಲ. ಸಂತೆಗೆ ಹೋದರೂ ಸರೋಜ ಮುಂದೆ, ನಾನು ಚೀಲ ಹಿಡಿದು ಹಿಂದೆ. ಅಂಥವನ ಬೆನ್ನ ಹಿಂದೆ ಹತ್ತು ಬೈಕುಗಳು ಬರುವುದೆಂದರೆ ಏನು ಸಾಮಾನ್ಯವೇ? ಒಂದು ವಾರ ಕೂತು ಹನ್ನೊಂದು ಮಂದಿಯ ಅಕ್ಕ ತಂಗಿ, ಮಾವ ಷಡ್ಡಕ, ಕೊಟ್ಟ ಮನೆ ತಂದ ಮನೆ ಎಲ್ಲ ಬರೆದುಕೊಂಡೆ. ನಕ್ಷೆಯ ಮೇಲೆ ನೆಂಟರಿರುವ ಊರಿಗೆಲ್ಲ ಕೆಂಪು ಚುಕ್ಕೆ ಇಟ್ಟೆ. ನಕ್ಷೆಗೆ ದಡಾರ ಎದ್ದ ಹಾಗಾಯಿತು. ಆ ಚುಕ್ಕೆಗಳ ಸಂದಿಯಲ್ಲೇ ಒಂದು ದಾರಿ ಸಿಕ್ಕಿತು. ಬೀರೂರು ಸೋಕದೆ, ಹಿರೇನಲ್ಲೂರು ಕಾಣದೆ, ನಮ್ಮ ಮೂಲದ ಊರಾದ ದೇವನೂರಿಗೆ ಬೆನ್ನು ಹಾಕಿ, ಹೊಲದ ನಡುವೆ ಸುತ್ತಿ ಅಜ್ಜಂಪುರದ ಹಿಂದುಗಡೆಯಿಂದ ಹೊಕ್ಕು ತರೀಕೆರೆ ಕಡೆ ಇಳಿಯುವ ದಾರಿ. ನೇರ ಹೋದರೆ ಆಗುವ ದೂರದ ಎರಡರಷ್ಟು. ಆದರೆ ಒಬ್ಬನೇ ಒಬ್ಬ ನೆಂಟನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಹೊರಟೆವು. ಮುಂದಿನವನು ಕೈಸನ್ನೆ ಮಾಡಿದರೆ ಹಿಂದಿನವರೆಲ್ಲ ಅದನ್ನೇ ಮಾಡಬೇಕು ಎನ್ನುವುದು ಸಂಘದ ನಿಯಮ. ಎಡಗೈ ಎತ್ತಿದರೆ ನಿಲ್ಲು ಎಂದರ್ಥ. ಒಂದು ಕಡೆ ಕಣಜದ ಹುಳ ಓಡಿಸಲು ಕೈ ಎತ್ತಿದೆ; ಹತ್ತೂ ಜನ ಕೈ ಎತ್ತಿ, ಗಕ್ಕನೆ ಬ್ರೇಕ್ ಹಾಕಿ ನಿಂತರು. ಪಕ್ಕದ ರಾಗಿ ಹೊಲದಲ್ಲಿದ್ದ ಹೆಂಗಸರು ತಮಗೇ ಕೈ ಮಾಡುತ್ತಿದ್ದಾರೆಂದುಕೊಂಡು ಅವರೂ ಕುಡುಗೋಲು ಎತ್ತಿ ಬೀಸಿದರು. ಹಾಳಾಗಲಿ, ಎಂಥ ಸುಖ ಅಂತೀರಿ! ತಿರುವಿಗೊಮ್ಮೆ ಕನ್ನಡಿಯಲ್ಲಿ ನೋಡುತ್ತೇನೆ, ಹಿಂದೆ ಹತ್ತು ದೀಪ. ಊರಾದ ಮೇಲೆ ಊರು ದಾಟಿದೆವು. ಯಾರೂ ಜಗಲಿಯಿಂದ ಏಳಲಿಲ್ಲ, ಯಾರೂ ಹೆಸರು ಕೂಗಲಿಲ್ಲ. ಹತ್ತೂವರೆಗೆ ಅಜ್ಜಂಪುರ ಇನ್ನೇನು ಬಂತು ಎನ್ನುವಾಗ ಒಂದು ಸಣ್ಣ ಊರಿನ ಹುಣಸೆಮರದ ಕೆಳಗೆ ನನ್ನ ಬೈಕಿನ ಕ್ಲಚ್ ಕೇಬಲ್ ಟಪ್ಪೆಂದು ತುಂಡಾಯಿತು. ಆ ಊರಿನ ಹೆಸರು ಮಾತ್ರ ನಾನು ಬರೆಯುವುದಿಲ್ಲ.

"ಗಾಬರಿ ಬ್ಯಾಡಿ ಸಾರ್, ಅರ್ಧ ಗಂಟೇಲಿ ಅಜ್ಜಂಪುರದಿಂದ ಕೇಬಲ್ ತತ್ತೀನಿ" ಎಂದು ಯೋಗೀಶ ಹೋದ. ಮಲ್ಲಣ್ಣ ಗಡಿಯಾರ ನೋಡಿಕೊಂಡು, "ಟೈಮಿದೆ ಬಿಡಿ. ನೆಂಟ್ರಂತೂ ಇಲ್ವಲ್ಲ" ಎಂದರು. ಮರದ ಎದುರಿನ ಮನೆಯ ಜಗಲಿಯಲ್ಲಿ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದರು. ನಮ್ಮನ್ನು ಒಮ್ಮೆ ನೋಡಿ, ಕಾಯಿ ಪಕ್ಕಕ್ಕಿಟ್ಟು, ನಮ್ಮ ಸೀಮೆಯವರು ದೇವರನ್ನು ಕಂಡರೂ ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದರು.

"ಯಾವೂರಪ್ಪಾ? ಯಾರ ಪೈಕಿ?"

"ಕಡೂರು ಕಣಜ್ಜಿ" ಎಂದೆ.

"ಕಡೂರು ಇರ್ಲಿ. ಮೂಲ ಯಾವ್ದು?"

"ದೇವನೂರು."

"ದೇವನೂರಲ್ಲಿ ಯಾರ ಮನೆ?"

ಅಲ್ಲೇ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಮೇಷ್ಟ್ರ ಜಾತಿ, ಪ್ರಶ್ನೆ ಕೇಳಿದರೆ ಉತ್ತರ ಹೇಳಿಬಿಡುತ್ತೇವೆ. "ರುದ್ರಪ್ಪ ಅಂತ ನಮ್ ದೊಡ್ಡಪ್ಪ" ಎಂದೆ.

"ನಶ್ಯದ ರುದ್ರಪ್ಪನಾ?" ಅಜ್ಜಿ ಎದ್ದು ನಿಂತರು. ಜಗಲಿಯಿಳಿದು ಬಂದು ನನ್ನ ಮುಖವನ್ನು ಎಡಕ್ಕೆ ತಿರುಗಿಸಿ ನೋಡಿದರು, ಬಲಕ್ಕೆ ತಿರುಗಿಸಿ ನೋಡಿದರು. ಆಮೇಲೆ ಒಳಕ್ಕೆ ಕೂಗಿದರು: "ಗಿರಿಜಾ, ಬಾರೇ ಇಲ್ಲಿ! ತಿಳಿಸ್ತೀವಿ ಅಂದ್ ಹೋಗಿದ್ನಲ್ಲ, ಆ ಗಂಡು ಬಂದೈತೆ!"

ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಇಪ್ಪತ್ತೈದು ವರ್ಷದ ಹಿಂದೆ ದೊಡ್ಡಪ್ಪ ನನಗೆ ಹೆಣ್ಣು ತೋರಿಸಲು ಒಂದು ವ್ಯಾನು ಮಾಡಿಕೊಂಡು ಊರೂರು ಸುತ್ತಿದ್ದರು. ಎಲ್ಲ ಕಡೆಯೂ ಅದೇ ಉಪ್ಪಿಟ್ಟು, ಅದೇ ಕೇಸರಿಬಾತು. ವ್ಯಾನಿನಲ್ಲಿ ತೂಕಡಿಸುತ್ತಿದ್ದ ನನಗೆ ಊರುಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಈ ಮನೆಯಲ್ಲೂ ದೊಡ್ಡಪ್ಪ, "ತಿಳಿಸ್ತೀವಿ" ಎಂದು ನಶ್ಯ ಏರಿಸಿ ಎದ್ದಿದ್ದರು. ಜಾತಕ ಕೂಡಲಿಲ್ಲ. ಹಾಗೆಂದು ಎರಡು ಸಾಲು ಬರೆದು ಕಾರ್ಡ್ ಹಾಕುವ ಕೆಲಸ ನನಗೆ ಒಪ್ಪಿಸಿದ್ದರು. ನಾಳೆ ಬರೆಯೋಣ, ನಾಡಿದ್ದು ಬರೆಯೋಣ ಎಂದುಕೊಳ್ಳುವಷ್ಟರಲ್ಲಿ ನನಗೆ ಸರೋಜಳ ಜೊತೆ ಮದುವೆಯೇ ಆಗಿಹೋಯಿತು.

ಆವತ್ತು ನಾನು ನೋಡಿದ್ದ ಹೆಣ್ಣು, ಅಜ್ಜಿಯ ಮಗಳು ಗಿರಿಜಮ್ಮ, ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಇದೇ ಊರಿನಲ್ಲಿ ಸೋದರಮಾವನ ಮಗನನ್ನು ಮದುವೆಯಾಗಿ, ಇಬ್ಬರು ಮಕ್ಕಳನ್ನು ಓದಿಸಿ, ಮೈ ತುಂಬಿಕೊಂಡಿದ್ದ ಹೆಂಗಸು. "ಏನ್ ಮೇಷ್ಟ್ರೇ, ಏನಾಯ್ತು? ತಿಳಿಸೋಕ್ ಬಂದ್ರಾ?" ಎಂದರು. ಸಂಘದ ಒಂಬತ್ತು ಜನವೂ ಹೆಲ್ಮೆಟ್ ತೆಗೆದು ಕಿವಿ ಒಡ್ಡಿದ್ದರು. ನಾನು ತುಂಡಾದ ಕೇಬಲ್ಲನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತೆ. "ಪಾಪ, ಮಾತಾಡ್ಸ್‌ಬ್ಯಾಡ ಕಣೇ, ನಾಚ್ಕೊಂಡವ್ನೆ. ಆವತ್ತೂ ಹಿಂಗೇ ನೆಲ ನೋಡ್ತಾ ಕೂತಿದ್ದ" ಎಂದರು ಅಜ್ಜಿ.

ಭಾನುವಾರ ಮುಚ್ಚಿದ್ದ ಅಂಗಡಿ ತೆಗೆಸಿ ಯೋಗೀಶ ಕೇಬಲ್ ತರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಯಾಗಿ, ನಮ್ಮ ಮುಂದೆ ಎಲೆ ಹಾಸಿಯಾಗಿತ್ತು. ಬೇಡವೆಂದರೆ ಕೇಳುವವರು ಯಾರು? ಮುದ್ದೆ, ಅವರೆಕಾಳಿನ ಸಾರು. ಮಲ್ಲಣ್ಣ ಮೂರನೆಯ ಮುದ್ದೆಯ ಹತ್ತಿರ ಅಮೃತಾಪುರವನ್ನು ಮರೆತರು. "ಇದನ್ನ ನೆಂಟ್ರ ಮನೆ ಅಂತ ಹಿಡೀಬೇಕಾ, ಬ್ಯಾಡ್ವಾ?" ಎಂದು ಸಂಘದಲ್ಲಿ ಚರ್ಚೆಯಾಯಿತು. ನೆಂಟರಾಗಬೇಕಾಗಿದ್ದ ಮನೆ, ಆಗಲಿಲ್ಲ, ಹಾಗಾಗಿ ನಾನು ನಿಯಮ ಮುರಿದಿಲ್ಲ ಎಂದು ಯೋಗೀಶ ನನ್ನ ಪರ ವಾದಿಸಿದ. ಮಲ್ಲಣ್ಣ ಬೆರಳು ನೆಕ್ಕಿಕೊಂಡು ತೀರ್ಪು ಕೊಟ್ಟರು: "ನೆಂಟಸ್ತನ ಬಿಡೋ ಅತ್ಲಾಗೆ. ಮೂರು ಗಂಟೆ ಆಯ್ತು, ಇನ್ನು ಮುಟ್ಟೋ ಮಾತಿಲ್ಲ. ಸಂಘ ಇರ್ಲಿ, ಪಂಪು ಮೇಷ್ಟ್ರಿಗೆ."

ನಾವು ಹೊರಡುವಾಗ ಗಿರಿಜಮ್ಮ ನನ್ನ ಬಕ್ಕ ತಲೆ, ಹೊಟ್ಟೆ, ಕ್ಯಾರಿಯರಿಗೆ ಕಟ್ಟಿದ ಪಂಪು ಮೂರನ್ನೂ ಸಾವಕಾಶವಾಗಿ ನೋಡಿದರು. "ಅವ್ವ ಎರಡು ವರ್ಷ ಅಂಚೆಯವನ ದಾರಿ ಕಾದ್ಳು ಮೇಷ್ಟ್ರೇ. ನಾನು ಮಾತ್ರ ಕಾಗ್ದ ಬರ್ದೇ ಇರ್ಲಿ ಅಂತ ಆಂಜನೇಯಂಗೆ ತುಪ್ಪದ ದೀಪ ಹಚ್ತಿದ್ದೆ" ಎಂದು ನಕ್ಕರು. ನಾನು ಬೇಡವೆಂದ ಹೆಣ್ಣು ಎಂದು ಊಟದುದ್ದಕ್ಕೂ ಒಳಗೊಳಗೇ ಪಶ್ಚಾತ್ತಾಪಪಡುತ್ತಿದ್ದೆನಲ್ಲ, ಆ ಪಶ್ಚಾತ್ತಾಪವೂ ದಂಡವಾಯಿತು. ಆದರೆ ಅಜ್ಜಿ ನಗಲಿಲ್ಲ. "ಒಂದ್ ಮಾತು ಇಲ್ಲ ಅಂತ ಬರೆದಿದ್ರೆ ಸಾಕಾಗಿತ್ತು ಕಣಪ್ಪಾ" ಎಂದರು. ನನಗೆ ಅದು ಚುರ್ ಎಂದಿತು.

ಮನೆಗೆ ಬರುವ ಮೊದಲೇ ಮಲ್ಲಣ್ಣನ ಫೋನಿನಿಂದ ಸುದ್ದಿ ಮನೆ ತಲುಪಿತ್ತು. ಸರೋಜ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ, "ತಮಾಷೆ ಅಲ್ಲ ರೀ, ಆ ಅಜ್ಜಿಗೆ ತಪ್ಪಾಯ್ತು ಅಂತ ಈಗ್ಲಾದ್ರೂ ಎರಡು ಸಾಲು ಬರೀರಿ" ಎಂದಳು. ಅವಳು ಹೇಳಿದ್ದು ನ್ಯಾಯ. ಮಾರನೆಯ ದಿನವೇ ಅಂಚೆ ಕಚೇರಿಗೆ ಹೋಗಿ ಕಾರ್ಡು ತಂದೆ. ಪೆನ್ನಿಗೆ ಹೊಸ ರೀಫಿಲ್ ಹಾಕಿದೆ. ಇದು ನಡೆದು ಎರಡು ತಿಂಗಳಾಯಿತು. ಕಾರ್ಡು ಇಲ್ಲೇ ಮೇಜಿನ ಮೇಲೆ ಇದೆ. ಈ ಪ್ರಬಂಧ ಬರೆಯುವಾಗ ಹಾರದಿರಲಿ ಎಂದು ಅದರ ಮೇಲೆ ಕನ್ನಡಕದ ಡಬ್ಬಿ ಇಟ್ಟಿದ್ದೇನೆ. ನಾಳೆ ಬರೆಯಬೇಕು.