ಕಾರಿಗೂ ಕೊಸರು

ನಲವತ್ತು ದಾಟಿದ ಗಂಡಸಿಗೆ ಏನಾದರೊಂದು ಹುಚ್ಚು ಹಿಡಿಯುತ್ತದಂತೆ. ಕೆಲವರಿಗೆ ಇಸ್ಪೀಟು, ಕೆಲವರಿಗೆ ನಾಟಕ, ಇನ್ನು ಕೆಲವರಿಗೆ ವೇದಾಂತ. ನನಗೆ ಹಿಡಿದದ್ದು ಕಾರು. ಅದೂ ಎಂಥ ಕಾರು! ಕೆ.ಜಿ.ಎಫ್.ನಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ಸೀಮೆಗೆ ಹಿಂತಿರುಗುವಾಗ ಮಾರಿಹೋದ ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಆಕಾಶ. (ಮಡಚುವ ಟಾಪು ಒಂದಿತ್ತು. ಮಡಚಿದ್ದನ್ನು ಬಿಚ್ಚುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.) ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಚನ್ನಕೇಶವ ಮೇಷ್ಟ್ರು, ಅಂದರೆ ನಾನು, ಅಂಥ ಕಾರಿನಲ್ಲಿ ಊರು ಪ್ರವೇಶ ಮಾಡಿದರೆ ಹೇಗಿದ್ದೀತು, ನೀವೇ ಊಹಿಸಿ. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ನಿಂತರು. ನಾಯಿಗಳು ಬೊಗಳುವುದನ್ನೇ ಮರೆತವು. ನಮ್ಮ ಮನೆ ಬಾಗಿಲಲ್ಲಿ ಮಾತ್ರ ನನ್ನ ಹೆಂಡತಿ ಅಶ್ವತ್ಥಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

“ಅಲ್ಲೇ ನಿಲ್ಲಿಸ್ರೀ! ಒಂದು ಗೇಣು ಮುಂದಕ್ಕೆ ಬಂದ್ರೆ ನೋಡಿ ಮತ್ತೆ!”

“ಆರತಿ ಎತ್ತೋದು ಬಿಟ್ಟು ಇದೇನೇ ನಿನ್ನ ವರಸೆ?”

“ಹುಳ ಮೂರನೇ ಜ್ವರಕ್ಕೆ ಕೂತವೆ. ಈ ಪೆಟ್ರೋಲ್ ನಾತ ತಗುಲಿದ್ರೆ ತಟ್ಟೆಗಟ್ಲೆ ತಿಪ್ಪೆಗೆ ಸುರೀಬೇಕಾಗ್ತದೆ. ಆಗ ಎತ್ತೋಣ ಆರತಿ, ಕಾರಿಗಲ್ಲ, ನಿಮಗೆ!”

ರೇಷ್ಮೆ ಹುಳು ಸಾಕದ ಪುಣ್ಯವಂತರಿಗಾಗಿ ಒಂದು ಮಾತು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಂಕಾಗಿ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಇಂಥ ನಾಲ್ಕು ಜ್ವರ ದಾಟಿದ ಮೇಲೆ ಅದು ಗೂಡು ಕಟ್ಟುವುದು. ಅಲ್ಲಿಯವರೆಗೆ ಅದಕ್ಕೆ ಯಾವ ವಾಸನೆಯೂ ಆಗದು. ಹೊಗೆ ಆಗದು, ನಶ್ಯ ಆಗದು, ಊದಿನಕಡ್ಡಿಯೂ ಆಗದು. ಹುಳು ಇರುವಷ್ಟು ದಿನ ನಮ್ಮ ಮನೆಯ ಒಗ್ಗರಣೆ ಪಕ್ಕದ ಓಬಳಮ್ಮನವರ ಒಲೆಯ ಮೇಲೆ ಆಗುತ್ತಿತ್ತು. ನನ್ನ ಷಷ್ಟ್ಯಬ್ದಿಗೂ ಹೆಂಡತಿ ಅಷ್ಟು ಉಪಚಾರ ಮಾಡುತ್ತಾಳೆಂಬ ನಂಬಿಕೆ ನನಗಿಲ್ಲ.

ಹೀಗಾಗಿ ಕಾರಿಗೆ ಹಿತ್ತಲಾಚೆಯ ಹುಲ್ಲಿನ ಕೊಟ್ಟಿಗೆ ಗತಿಯಾಯಿತು. ಕಾರು ಮುಟ್ಟಿದವನು ಎಂಬ ಅಪರಾಧಕ್ಕೆ ನನಗೂ ಅಲ್ಲೇ ಹಾಸಿಗೆ ಬಿತ್ತು. ಜೊತೆಗೆ ಅಶ್ವತ್ಥಮ್ಮನ ಅಂತಿಮ ತೀರ್ಪು: “ಈ ಬೆಳೆ ಕೈಗೆ ಬಂದ್ರೆ ಕಾರು ಇರಲಿ, ನಾನೇನೂ ಅನ್ನಲ್ಲ. ಕೆಟ್ಟರೆ ಮಾತ್ರ ಕಾರು ಮಾರ್ಬೇಕು. ಆಗಲಿ ಅನ್ನಿ.”

ಆಗಲಿ ಅಂದೆ. ಎದುರಿಗೆ ಕೆಂಪು ಕಾರು ಹೊಳೆಯುತ್ತಿರುವಾಗ ಗಂಡಸು ಯಾವುದಕ್ಕೆ ಬೇಕಾದರೂ ಆಗಲಿ ಅನ್ನುತ್ತಾನೆ.

ಮಾರನೆಯ ದಿನ ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್ ಲಾಲ್ ಬಾಷಾ ಬಂದು ಕಾರಿನ ನಾಡಿ ಹಿಡಿದ. “ಹಳೇ ಗಾಡಿ ಸಾರ್. ಒಳಗಿರೋದೆಲ್ಲಾ ಇಳಿಸಿ ಹೊಸದು ತುಂಬಬೇಕು” ಎಂದ. ಇಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ರೇಡಿಯೇಟರಿಗೆ ನೀರು, ಬ್ಯಾಟರಿಗೆ ಬಟ್ಟಿ ಇಳಿಸಿದ ನೀರು. ಸಾಕ್ಷಾತ್ ಪಂಚಾಮೃತ! ಎಲ್ಲ ತುಂಬಿ, ಇಂಜಿನ್ನಿನಿಂದ ಒಂದು ಉದ್ದನೆಯ ಕಡ್ಡಿ ಎಳೆದು ತೋರಿಸಿದ. “ಇದರಲ್ಲಿ ಎರಡು ಗೆರೆ ಅವೆ ನೋಡಿ. ಆಯಿಲ್ಲು ಕೆಳಗಿನ ಗೆರೆಗಿಂತ ಇಳೀಬಾರದು, ಮೇಲಿನ ಗೆರೆ ದಾಟಬಾರದು. ಇಷ್ಟು ನೋಡ್ಕೊಂಡ್ರೆ ನಿಮ್ಮ ಗಾಡಿ ನಿಮ್ಮ ಮೊಮ್ಮಕ್ಕಳಿಗೂ ಓಡ್ತದೆ.”

ಹದಿನೆಂಟು ವರ್ಷದಿಂದ ಮಕ್ಕಳಿಗೆ ದ್ರವಗಳ ಲಕ್ಷಣ ಹೇಳಿಕೊಡುತ್ತಿರುವ ನನಗೆ ಇವನು ಪಾಠ ಮಾಡಿದ್ದು ಕೊಂಚ ಚುಚ್ಚಿತು. ಆದರೂ ನಾಲ್ಕು ದಿನ ಅವನು ಹೇಳಿದಂತೆಯೇ ನಡೆದೆ. ಐದನೆಯ ದಿನ ನಮ್ಮ ತಾಯಿ ಚಿಕ್ಕವೆಂಕಟಮ್ಮನವರು ಊಟ ತಂದವರು ನಾನು ಕಡ್ಡಿ ನೋಡುವುದನ್ನು ಕಂಡರು.

“ಇದೇನಪ್ಪ, ಸರಿಯಾಗಿ ಗೆರೆಗೆ ನಿಲ್ಲಿಸ್ಬಿಟ್ಟಿದೀಯ? ಕೊಸರೆಲ್ಲಿ?”

“ಕಾರಿಗೆ ಕೊಸರು ಯಾಕಮ್ಮ?”

“ಅಯ್ಯೋ ದೇವುಡಾ! ನಿಮ್ಮ ತಾತ ರಾಗಿ ಅಳೆದ್ರೆ ಸೇರಿನ ಮೇಲೆ ಗೋಪುರ ನಿಲ್ತಿತ್ತು ಕಣೋ. ಅದರ ಮೇಲೆ ಇನ್ನೊಂದು ಹಿಡಿ ಕೊಸರು. ಅಂಥಾ ಮನೇಲಿ ಹುಟ್ಟಿ, ದುಡಿಯೋ ಪ್ರಾಣಿಗೆ ಗೆರೆ ನೋಡಿ ಹಾಕ್ತೀಯಲ್ಲ, ನಾಚಿಕೆ ಆಗಲ್ವ?”

ಮಾತು ನೇರವಾಗಿ ಎದೆಗೆ ನಾಟಿತು. (ತಾತನ ಗೋಪುರಗಳಿಂದಲೇ ನಾನು ಮೇಷ್ಟ್ರ ಕೆಲಸಕ್ಕೆ ಸೇರಬೇಕಾಯಿತು ಎಂಬುದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ.) ಅಂದಿನಿಂದ ಪಂಚಾಮೃತದ ಒಂದೊಂದಕ್ಕೂ ದಿನಾ ಬೆಳಿಗ್ಗೆ ಕೊಸರು ಹಾಕತೊಡಗಿದೆ. ಇಂಜಿನ್ನಿಗೆ ಒಂದು ಲೋಟ, ಗೇರಿಗೆ ಅರ್ಧ ಲೋಟ, ಬ್ಯಾಟರಿಗೆ ತುಳುಕುವಷ್ಟು. ಬ್ಯಾಟರಿಯಿಂದ ತುಳುಕಿದ್ದು ನನ್ನ ಪಂಚೆಯ ಮೇಲೆ ಬಿತ್ತು. ಮೂರನೆಯ ದಿನಕ್ಕೆ ಪಂಚೆ ಜರಡಿಯಾಯಿತು. ಆಮ್ಲದ ಗುಣಧರ್ಮವನ್ನು ತೋರಿಸಲೆಂದೇ ಉಟ್ಟು ಬಂದಿದ್ದೇನೆಂದು ಹತ್ತನೇ ತರಗತಿಗೆ ಹೇಳಿ ಮಾನ ಉಳಿಸಿಕೊಂಡೆ.

ಇತ್ತ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದವು. ಎದ್ದ ಹುಳುವಿನ ಹಸಿವು ಬಕಾಸುರನಿಗೂ ಇರಲಾರದು. ನಮ್ಮ ತೋಟದ ಹಿಪ್ಪುನೇರಳೆ ಸೊಪ್ಪು ಎರಡೇ ದಿನಕ್ಕೆ ಮುಗಿಯಿತು. ಮುಂದಿನ ಸೊಪ್ಪು ಸಾದಲಿಯಿಂದ, ಅಶ್ವತ್ಥಮ್ಮನ ಅಣ್ಣ ವೆಂಕಟರಾಯಪ್ಪನ ಗಾಡಿಯಲ್ಲಿ ಬರಬೇಕಿತ್ತು. ಆ ಭಾನುವಾರ ಬೆಳಿಗ್ಗೆ ಗಾಡಿಯ ಅಚ್ಚು ಮುರಿದಿದೆ ಎಂದು ಸುದ್ದಿ ಮಾತ್ರ ಬಂತು.

ಅಶ್ವತ್ಥಮ್ಮ ಕೊಟ್ಟಿಗೆಯವರೆಗೆ ಬಂದಳು. ಮೂಗು ಮುಚ್ಚಿಕೊಳ್ಳುವುದನ್ನೂ ಮರೆತಿದ್ದಳು.

“ಹುಳ ತಲೆ ಎತ್ತೆತ್ತಿ ನೋಡ್ತವೆ ಕಣ್ರೀ. ಮಧ್ಯಾಹ್ನದೊಳಗೆ ಸೊಪ್ಪು ಬೀಳದಿದ್ರೆ ಇಷ್ಟು ದಿನ ಸಾಕಿದ್ದೆಲ್ಲಾ ಮಣ್ಣುಪಾಲು. ನಿಮ್ಮ ಕಾರು ಓಡ್ತದಾ?”

ಅವಳ ಕಣ್ಣಲ್ಲಿ ನೀರಿತ್ತು.  ಆದರೆ ಸುಳ್ಳೇಕೆ ಹೇಳಲಿ, ನನಗೆ ಒಳಗೊಳಗೆ ಮಹಾ ಹೆಮ್ಮೆಯಾಯಿತು. “ಓಡ್ತದಾ ಅಂತೀಯಾ? ಹಾರ್ತದೆ ಕಣೇ!” ಎಂದೆ. ದೂರದ ಪ್ರಯಾಣವೆಂದು ಇಂಜಿನ್ನಿಗೆ ಇನ್ನೂ ಎರಡು ಲೋಟ ಕೊಸರು ಹಾಕಿ ಹೊರಟೆ.

ಸಾದಲಿ ತಲಪುವಷ್ಟರಲ್ಲಿ ಕಾರಿನ ಹಿಂದೆ ನೀಲಿ ಹೊಗೆ ಏಳುತ್ತಿತ್ತು. ವೇಗಕ್ಕೆ ಹೀಗಾಗುತ್ತದೆ ಎಂದುಕೊಂಡೆ. ಪಕ್ಕದ ಸೀಟಿನ ತುಂಬ, ಹಿಂದಿನ ಸಂದಿಯ ತುಂಬ ಸೊಪ್ಪು ಒಟ್ಟಿ ತಿರುಗಿ ಹೊರಟಾಗ ಎದುರುಗಾಳಿ ಹೋಗಿ ಬೆನ್ನಗಾಳಿಯಾಯಿತು. ಹೊಗೆಯೆಲ್ಲ ಕಾರಿನೊಳಕ್ಕೇ ನುಗ್ಗಿತು. ದಾರಿಯಲ್ಲಿ ಮೇಯುತ್ತಿದ್ದ ಎಮ್ಮೆಗಳು ಬಾಲ ಎತ್ತಿ ಓಡಿದವು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಹೇಗೋ ಕಾರನ್ನು ಕೊಟ್ಟಿಗೆಗೆ ತಂದು ನಿಲ್ಲಿಸಿದೆ.

ಅಶ್ವತ್ಥಮ್ಮ ಓಡಿಬಂದು ಒಂದು ಹಿಡಿ ಸೊಪ್ಪು ಎತ್ತಿ ಮೂಸಿದಳು. ಅಲ್ಲೇ ಕುಸಿದು ಕೂತಳು.

“ಇದನ್ನ ಹುಳ ಮುಟ್ತವೇನ್ರೀ? ಬರೀ ಹೊಗೆ ನಾತ! ಮುಟ್ಟಿದ್ರೂ ಸಾಯ್ತವೆ.”

ನನಗೆ ನಿಜವಾಗಿಯೂ ಅಳು ಬಂತು. ಕಾರಿಗೆ ಏನಾಗಿದೆಯೋ ನೋಡೋಣವೆಂದು ರೇಡಿಯೇಟರಿನ ಮುಚ್ಚಳ ತಿರುಗಿಸಿದೆ. ಕಾದ ನೀರು ಕಾರಂಜಿಯಾಗಿ ಹಾರಿತು. ತಪ್ಪಿಸಿಕೊಳ್ಳಲು ಹಿಂದಕ್ಕೆ ನೆಗೆದವನು ಕೊಟ್ಟಿಗೆಯಲ್ಲಿ ಹಳೆಯ ಗೇರ್ ಆಯಿಲ್ ಇಳಿಸಿಟ್ಟಿದ್ದ ಬಾಂಡಲಿಯಲ್ಲಿ ಕೂತೆ. ಸೊಂಟದಿಂದ ಕೆಳಗೆ ಅಭ್ಯಂಜನವಾಯಿತು.

ಅಷ್ಟರಲ್ಲಿ ಹೊಗೆಯ ಜಾಡು ಹಿಡಿದು ಲಾಲ್ ಬಾಷಾ ಸೈಕಲ್ಲಿನಲ್ಲಿ ಬಂದ. ಕಡ್ಡಿ ಎಳೆದು ನೋಡಿದವನು ಹಣೆ ಹಣೆ ಬಡಿದುಕೊಂಡ. “ಏನು ಸಾರ್ ಇದು? ಎರಡೂ ಗೆರೆ ಮುಳುಗಿ ಹೋಗವಲ್ಲ!”

“ಸ್ವಲ್ಪ ಕೊಸರು...” ಎಂದೆ.

“ಇಂಜಿನ್ ಏನು ಮನೆಗೆ ಬಂದ ಬೀಗರಾ ಸಾರ್, ಸಾಕು ಅನ್ನೋವರೆಗೂ ಬಡಿಸೋಕೆ? ಹೆಚ್ಚಾದ ಆಯಿಲ್ಲೆಲ್ಲಾ ಉರಿದು ಹೊಗೆಯಾಗಿ ಬಂದದೆ!”

ಎರಡು ಸೇರು ಇಳಿಸಿದ. ಉಳಿದ ನಾಲ್ಕು ಅಮೃತಗಳನ್ನೂ ಅಳತೆಗೆ ತಂದ. ಒರೆಸಿ, ತೊಳೆದು, ಇಂಜಿನ್ ಎಬ್ಬಿಸಿದರೆ ಹೊಗೆ ತೆಳುವಾಗುತ್ತ ಬಂದು ಕೊನೆಗೆ ನಿಂತೇಹೋಯಿತು. “ನಾನೇ ಓಡಿಸ್ತೀನಿ, ಯಾರಾದ್ರೂ ಸೊಪ್ಪು ಹಿಡ್ಕೊಳೋರು ಬನ್ನಿ” ಎಂದ. ನಾನು ಒಂದು ಹೆಜ್ಜೆ ಮುಂದಿಟ್ಟೆ. ಲಾಲ್ ಬಾಷಾ, ಅಶ್ವತ್ಥಮ್ಮ, ಅಮ್ಮ ಮೂವರೂ ಒಟ್ಟಿಗೆ “ನೀವು ಬೇಡ!” ಎಂದರು.

ಹೋದವರು ಅಮ್ಮ. ಎಪ್ಪತ್ತರ ಮುದುಕಿ, ಸೆರಗನ್ನು ಕಿವಿಗೆ ಬಿಗಿದು, ಒದ್ದೆ ಗೋಣಿತಾಟು ತೊಡೆಯ ಮೇಲಿಟ್ಟುಕೊಂಡು, ನನ್ನ ಸ್ಪೋರ್ಟ್ಸ್ ಕಾರಿನಲ್ಲಿ ಪಟ್ಟದ ರಾಣಿಯಂತೆ ಕೂತು ಹೊರಟರು. ಹೊತ್ತು ನೆತ್ತಿಗೇರುವ ಮುಂಚೆ ಗೋಣಿಯಲ್ಲಿ ಸುತ್ತಿದ ಸೊಪ್ಪಿನೊಂದಿಗೆ ವಾಪಸಾದರು. “ಲಾಲ್ ಬಾಷಾ, ಇನ್ನೊಂಚೂರು ಜೋರಾಗಿ ಓಡಿಸ್ಬಾರ್ದಾಗಿತ್ತೇನಪ್ಪ?” ಎನ್ನುತ್ತಲೇ ಇಳಿದರು. ಅಶ್ವತ್ಥಮ್ಮ ಮೂಸಿದಳು, ಇನ್ನೊಮ್ಮೆ ಮೂಸಿದಳು, ಸೊಪ್ಪು ಬಾಚಿಕೊಂಡು ಒಳಕ್ಕೆ ಓಡಿದಳು. ಸ್ವಲ್ಪ ಹೊತ್ತಿಗೆ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಹಿತ್ತಲವರೆಗೂ ಕೇಳಿಸಿತು. ಅಷ್ಟು ಇಂಪಾದ ಸಂಗೀತವನ್ನು ನಾನು ಆವರೆಗೆ ಕೇಳಿರಲಿಲ್ಲ.

ಮುಂದಿನ ಐದು ದಿನವೂ ಹಾಗೇ ನಡೆಯಿತು. ಲಾಲ್ ಬಾಷಾ ಕಾರು ಓಡಿಸಿದ, ಅಮ್ಮ ಗಾಳಿ ಸೇವಿಸಿದರು, ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರಿದವು. ಬಿದಿರಿನ ಚಂದ್ರಿಕೆಯ ಸುರುಳಿಯ ತುಂಬ ಹಳದಿ ಗೂಡು ಕಟ್ಟಿದ್ದನ್ನು ಊರಿನವರೆಲ್ಲ ಬಂದು ನೋಡಿ ಹೊಗಳಿದರು. ಅಂಥ ಬೆಳೆ ನಮ್ಮ ಬೀದಿಯಲ್ಲೇ ಯಾರಿಗೂ ಬಂದಿರಲಿಲ್ಲ.

ಅಂದು ಅಶ್ವತ್ಥಮ್ಮನೇ ಕಾರನ್ನು ಒಳ ಅಂಗಳಕ್ಕೆ ಕರೆಸಿದಳು. ಅರಿಶಿನ ಕುಂಕುಮ ಇಟ್ಟು, ಆರತಿ ಎತ್ತಿ, ಬಿಸಿಲು ಬೀಳದಂತೆ ತನ್ನ ಹಳೇ ಸೀರೆಯೊಂದನ್ನು ಹೊದಿಸಿದಳು. ನಾನು ಗೇರ್ ಆಯಿಲ್ಲಿನ ನಾತ ಹೋಗಲೆಂದು ಸೀಗೆಪುಡಿ ತಿಕ್ಕಿ ಮೂರು ಸಲ ತಲೆಗೆ ಎರೆದುಕೊಂಡು, ಒಗೆದ ಪಂಚೆ ಉಟ್ಟು, ವಿಜಯೋತ್ಸಾಹದಿಂದ ಹೊಸ್ತಿಲ ಬಳಿ ಬಂದೆ. ಅವಳು ಬಗ್ಗಿ ಒಮ್ಮೆ ಮೂಸಿ, ಕೈ ಅಡ್ಡ ಹಿಡಿದಳು.

“ಬೆಳೆ ಕೈಗೆ ಬಂತಲ್ಲೇ!” ಎಂದೆ. “ಈಗಲಾದ್ರೂ ಹೇಳು, ಕಾರು ಮಾರ್ಬೇಕೋ ಬೇಡವೋ?”

“ಅದನ್ನ ಯಾಕ್ರೀ ಮಾರ್ತೀರಿ? ಪಾಪ, ಅದು ಯಾರಿಗೇನು ಮಾಡ್ತು?”

ಹಾಗೆಂದವಳು ಒಳಗೆ ಹೋಗಿ, ಮುತ್ತುಗದೆಲೆಯಲ್ಲಿ ತುಪ್ಪ ಸುರಿದ ನಾಲ್ಕು ಒಬ್ಬಟ್ಟು ತಂದು, ನಗುನಗುತ್ತ ಹೊಸ್ತಿಲಿಂದಾಚೆ ನನ್ನ ಕೈಗಿಟ್ಟಳು.

“ಗೂಡು ಬಿಡಿಸೋವರೆಗೂ ನೀವು ಕೊಟ್ಟಿಗೇಲೇ ಇರಿ. ಕಾರು ಒಳಗೆ ಬಂತಲ್ಲ, ಈಗ ಕೈಕಾಲು ಚಾಚಿಕೊಂಡು ಮಲಗಬಹುದು.”