ಬನಾನಾ ಬೋಟಿನಲ್ಲಿ ನನ್ನ ನಾದಿನಿ

ಅರಬ್ಬೀ ಸಮುದ್ರಕ್ಕೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡುವ ಅವಕಾಶವಿದ್ದಿದ್ದರೆ, ಅದು ಮೊದಲು ಬರೆಸುತ್ತಿದ್ದ ಹೆಸರು ನನ್ನ ನಾದಿನಿಯದು. ಮುಂಬೈಯ ಮಳೆಗಾಲ ಸಮುದ್ರವನ್ನು ಕಲಕುವುದು ವರ್ಷದಲ್ಲಿ ನಾಲ್ಕೇ ತಿಂಗಳು. ಉಳಿದ ತಿಂಗಳುಗಳ ಜವಾಬ್ದಾರಿಯನ್ನು ಈಕೆ ವಹಿಸಿಕೊಂಡಿದ್ದಾಳೆ.

ಮಕ್ಕಳೇ, ನೀವು ‘ಆತ್ಯಾಜ್ಜಿ’ ಎನ್ನುವುದು ಇವಳನ್ನೇ. ನಿಮ್ಮ ಅಜ್ಜನ ತಂಗಿ. ಸಂಬಂಧದಲ್ಲಿ ನನಗಿಂತ ಚಿಕ್ಕವಳು, ವಯಸ್ಸಿನಲ್ಲಿ ದೊಡ್ಡವಳು. ಹೀಗಾಗಿ ಆಕೆ ನನ್ನನ್ನು ‘ವೈನಿ’, ಅಂದರೆ ಅತ್ತಿಗೆ, ಎನ್ನುತ್ತಾಳೆ, ನಾನು ಆಕೆಯನ್ನು ‘ಅಕ್ಕಾರ’ ಎನ್ನುತ್ತೇನೆ, ಇಬ್ಬರೂ ಬಹುವಚನ ಬಿಡದೆ ಜಗಳವಾಡುತ್ತೇವೆ. ಆಕೆ ಮದುವೆ ಮಾಡಿಕೊಳ್ಳಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾಗಿ ವಡಾಲದ ಒಂದು ಕೋಣೆಯ ಮನೆಯಲ್ಲಿದ್ದಾಳೆ. ಟ್ರಂಕ್ ಕಾಲ್ ಕಾಲದ ಗಂಟಲು ಇನ್ನೂ ಹಾಗೇ ಇದೆ. ವಡಾಲದಲ್ಲಿ ಆಕೆ ಮಾತಾಡಿದರೆ ಭಾಂಡುಪ್‌ನಲ್ಲಿರುವ ನಾವು ಫೋನ್ ಎತ್ತುವ ಅಗತ್ಯವಿಲ್ಲ ಎಂದು ನಿಮ್ಮ ಅಜ್ಜ ನಗುತ್ತಿದ್ದರು. ಇದನ್ನೆಲ್ಲ ನಿಮ್ಮಪ್ಪ ನಿಮಗೆ ಓದಿ ಹೇಳಬೇಕು. ಅವನು ನಡುವೆ ಸಾಲು ಹಾರಿಸಿದರೆ ಸುಮ್ಮನೆ ಬಿಡಬೇಡಿ.

ಅಜ್ಜ ಹೋದ ಮೇಲೆ ನಾನು ಬಿಲ್ಡಿಂಗ್ ಇಳಿಯುವುದನ್ನು ಬಿಟ್ಟಿದ್ದೆ. ಯಾರೂ ಬೇಡ ಎಂದಿರಲಿಲ್ಲ. ಮೊದಲೇ ನಾಲ್ಕು ಜನರ ಮುಂದೆ ಮಾತು ಹೊರಡದವಳು, ಜೊತೆಗೆ ಬರುವವರೇ ಇಲ್ಲವಾದ ಮೇಲೆ ಎಲ್ಲಿಗೆ ಹೋಗಲಿ? ಅಡುಗೆಮನೆಯ ಕಿಟಕಿಯ ಹತ್ತಿರ ಒಂದು ಕುರ್ಚಿ ಇತ್ತು. ಬೆಳಿಗ್ಗೆ ಕೂತರೆ ನೀವು ಶಾಲೆಯಿಂದ ಬರುವವರೆಗೂ ಅಲ್ಲೇ.

ಒಂದು ಭಾನುವಾರ ನಾದಿನಿ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದಳು.

“ವೈನಿ, ನಿಮಗ ಈಸಾಕ ಬರತೈತೆಲ್ಲ?”

ವಿಜಯಪುರದ ಕಡೆ ನಮ್ಮ ಹಳ್ಳಿಯ ಬಾವಿಯಲ್ಲಿ ಹುಡುಗಿಯಾಗಿದ್ದಾಗ ಈಜುತ್ತಿದ್ದೆ ಎಂದು ಎಂದೋ ಬಾಯಿ ತಪ್ಪಿ ಹೇಳಿದ್ದೆ.

“ಬರತಿತ್ರಿ. ಲಗ್ನ ಆದ ಮ್ಯಾಲ ನೀರಿಗೆ ಇಳದಿಲ್ಲ.”

“ಸುತ್ತ ಸಮುದ್ರ ಐತಿ ಈ ಊರಿಗೆ. ನೀವು ಬಕೀಟಿನ ನೀರಾಗ ಜೀವನಾ ತಗದೀರಿ. ನಿಮ್ಮನ್ನ ನೀರಿಗಿಳಸಾಕಿ ನಾನು.”

“ನಾ ಒಲ್ಲೆರಿ ಅಕ್ಕಾರ.”

“ನಿಮ್ಮನ್ನ ಯಾರ ಕೇಳ್ಯಾರ?”

ಯುದ್ಧ ಹೀಗೆ ಶುರುವಾಯಿತು. ಇಳಿಸಿಯೇ ತೀರುವೆನೆಂದು ಆಕೆ, ಇಳಿಯುವುದಿಲ್ಲವೆಂದು ನಾನು. ಎಷ್ಟೋ ಭಾನುವಾರ ಗೆದ್ದವಳು ನಾನೇ ಎಂದು ಹೇಳಿಕೊಳ್ಳಬೇಕು, ಏಕೆಂದರೆ ಮುಂದಿನ ಕಥೆಗಳಲ್ಲಿ ನಾನು ಮರಳಿನ ಮೇಲೆ ಚೀಲ ಕಾಯುತ್ತ ಕೂತಿರುತ್ತೇನೆ.

ಮೊದಲು ಜುಹೂ. ಬಾಳೆಹಣ್ಣಿನ ಆಕಾರದ ಹಳದಿ ರಬ್ಬರ್ ದೋಣಿಗೆ ಬನಾನಾ ಬೋಟ್ ಎನ್ನುತ್ತಾರೆ. ಅದರ ಮೇಲೆ ಕುದುರೆ ಹತ್ತಿದ ಹಾಗೆ ಸಾಲಾಗಿ ಕೂತರೆ ಮುಂದಿನ ಮೋಟಾರ್ ದೋಣಿ ಎಳೆದುಕೊಂಡು ಹೋಗುತ್ತದೆ. ನಾದಿನಿ ಇಳಕಲ್ ಸೀರೆಗೆ ಕಚ್ಚೆ ಹಾಕಿ ತಯಾರಾದಳು. ಲೈಫ್ ಜಾಕೆಟ್ ಕೊಟ್ಟರೆ ಅದನ್ನು ಹಿಂದುಮುಂದಾಗಿ, ಗುಂಡಿಗಳೆಲ್ಲ ಬೆನ್ನಿಗೆ ಬರುವ ಹಾಗೆ ತೊಟ್ಟು ನಿಂತಳು.

“ಆಜಿ, ಜಾಕೆಟ್ ಉಲಟಾ ಘಾತಲಯ್” ಎಂದ ದೋಣಿಯವನು.

“ಉಲ್ಟಾ ನಹೀ ಹೈ. ಹಮಾರೇ ಗಾಂವ್ ಮೇ ಪೀಠ್ ಪೇ ಹೀ ಬಾಂಧತೇ ಹೈ.”

ನಮ್ಮ ಕಡೆ ಈಜು ಕಲಿಯುವ ಮಕ್ಕಳ ಬೆನ್ನಿಗೆ ಒಣಗಿದ ಬೆಂಡಿನ ಕಟ್ಟು ಕಟ್ಟುತ್ತಾರೆ. ಅಣ್ಣಂದಿರು ಹಾಗೆ ಈಜುವುದನ್ನು ನಾದಿನಿ ದಂಡೆಯಲ್ಲಿ ಕೂತು ನೋಡಿದ್ದಳು, ಅಷ್ಟೇ. ತೇಲಿಸುವ ವಸ್ತು ಎದೆಯ ಮೇಲಿರುವುದು ಆಕೆಯ ಮಟ್ಟಿಗೆ ಕಂಪನಿಯವರ ತಪ್ಪು! ಕೊನೆಗೆ ದೋಣಿಯವನೇ ಕೈಮುಗಿದು ಜಾಕೆಟ್ ತಿರುಗಿಸಿದ.

ದೋಣಿಯ ಮೇಲೆ ಜಾಗವೆಲ್ಲ ತುಂಬಿತ್ತು. ಆದರೆ ನಲವತ್ತು ವರ್ಷ ಹಾರ್ಬರ್ ಲೈನಿನ ಲೋಕಲ್‌ನಲ್ಲಿ ಮೂವರ ಬೆಂಚಿನ ತುದಿಗೆ ‘ಫೋರ್ಥ್ ಸೀಟ್’ ಹಿಡಿದವಳಿಗೆ ಜಾಗ ಇಲ್ಲ ಎಂದರೇನು? “ಥೋಡಾ ಸರಕೋ ನಾ” ಎಂದು ಕಾಲೇಜು ಹುಡುಗಿಯರನ್ನು ಒತ್ತರಿಸಿ ನಡುವೆ ತೂರಿದಳು. ಸಮುದ್ರದಲ್ಲಿ ಒಂದು ಸುತ್ತು ಹಾಕಿದ ಮೇಲೆ, ದಡದ ಹತ್ತಿರ ಎಲ್ಲರನ್ನೂ ಬೇಕೆಂದೇ ನೀರಿಗೆ ಉರುಳಿಸುವುದು ಈ ಆಟದ ಪದ್ಧತಿ. ಉರುಳಿಸಿದರು. ಹುಡುಗಿಯರೆಲ್ಲ ಕಿರುಚುತ್ತ ನೀರಿಗೆ ಬಿದ್ದರು. ನನ್ನ ನಾದಿನಿ ಒಬ್ಬಳೇ ಬಾಳೆಹಣ್ಣನ್ನು ತಬ್ಬಿಕೊಂಡು ಹಾಗೇ ಉಳಿದಿದ್ದಳು.

ದಡಕ್ಕೆ ಬಂದವಳು ನನ್ನನ್ನು ಕೇಳಿದ್ದು ಇಷ್ಟು. “ಎಲ್ಲಾರೂ ಗಕ್ಕನ ಯಾಕ ಇಳದ್ರು? ಅಂಧೇರಿ ಸ್ಟೇಶನ್ ಬಂತೇನ?”

ಇನ್ನೊಂದು ಭಾನುವಾರ ಗೋರಾಯಿಯ ಕಡೆ ಪ್ಯಾರಾಸೇಲಿಂಗ್. ಬೆನ್ನಿಗೆ ದೊಡ್ಡ ಕೊಡೆಯಂಥ ಪ್ಯಾರಾಶೂಟ್ ಕಟ್ಟಿ ದೋಣಿಯಿಂದ ಎಳೆದರೆ ಮನುಷ್ಯ ಗಾಳಿಪಟದ ಹಾಗೆ ಮೇಲೇರುತ್ತಾನೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಮೇಲೇರಿದಳು. ಸ್ವಲ್ಪ ಹೊತ್ತಿಗೆ ನನ್ನ ಫೋನ್ ರಿಂಗಾಯಿತು.

“ವೈನಿ, ನಾ ಮ್ಯಾಲದೀನಿ. ನೀವು ಕಾಣಾಕತ್ತೀರಿ. ಸೆರಗು ಮರಳಿನ್ಯಾಗ ಬಿದ್ದೈತಿ ನೋಡ್ರಿ.”

ಗಾಬರಿಯಾಗಿ ಫೋನ್ ಕಿವಿಯಿಂದ ತೆಗೆದೆ. ಆದರೂ ಕೇಳುತ್ತಲೇ ಇತ್ತು. ಬೀಚಿನಲ್ಲಿದ್ದ ಇನ್ನಿಬ್ಬರು ಹೆಂಗಸರೂ ಸೆರಗು ಸರಿಮಾಡಿಕೊಂಡರು.

ಆ ಸಂಜೆ ಮನೆಯಲ್ಲಿ ನಿಮ್ಮಪ್ಪ ಸಿಟ್ಟಾಗಿದ್ದ. “ಆತ್ಯಾ, ಈ ವಯಸ್ನ್ಯಾಗ ಕೈಕಾಲು ಮುರದ್ರ ಏನ್ ಮಾಡ್ತಿ?”

“ಮನ್ಯಾಗ ಜಾರಿ ಬಿದ್ದು ಮುರಕೊಂಡವರು ನನ್ನ ಓಣ್ಯಾಗ ಮೂರು ಮಂದಿ ಅದಾರ. ಸಮುದ್ರದಾಗ ಯಾರೂ ಜಾರಿಲ್ಲ.”

ನಿಮ್ಮಲ್ಲಿ ಸಣ್ಣವನು ನನ್ನ ಕಿವಿಯಲ್ಲಿ, “ಅಜ್ಜಿ, ಆತ್ಯಾಜ್ಜಿ ಪಾಗಲ್ ಹೈ ಕ್ಯಾ?” ಎಂದು ಕೇಳಿದ. ನಾನು ಹೌದು ಎಂದೆ. ಇರಲಿ.

ಕೊನೆಗೆ ಬಂದದ್ದು ಕಯಾಕ್. ಮಾರ್ವೆಯ ಹತ್ತಿರ ಸಮುದ್ರದ ನೀರು ಒಳಗೆ ನುಗ್ಗಿ ಹಳ್ಳದಂತೆ ಸಮಾಧಾನವಾಗಿ ನಿಲ್ಲುವ ಜಾಗವಿದೆ. ಅಲ್ಲಿ ಕಿರಿದಾದ, ಇಬ್ಬರು ಹಿಂದೆಮುಂದೆ ಕೂತು ಹುಟ್ಟು ಹಾಕುವ ದೋಣಿ. ನಾದಿನಿ ಒಬ್ಬಳೇ ಹೋಗಿ ಮುಂದೆ ಕೂತಳು. ದೋಣಿಯವನು, ವಯಸ್ಸಾದವರನ್ನು ಒಂಟಿಯಾಗಿ ಬಿಡುವುದಿಲ್ಲ ಎಂದ.

“ವೈನಿ, ನೀವು ಬರಲಿಲ್ಲಂದ್ರ ನಾನೂ ಹೋಗಾಂಗಿಲ್ಲ. ಇಲ್ಲೇ ಕುಂದ್ರತೀನಿ.”

“ಕುಂದರ್ರಿ.”

ಕೂತೇ ಬಿಟ್ಟಳು! ಹಿಂದೆ ಜನ ಸಾಲುಗಟ್ಟಿದರು. ಯಾರೋ “ಆಂಟಿ, ಜಲ್ದಿ” ಎಂದರು. ಅಷ್ಟು ಜನ ನನ್ನನ್ನೇ ನೋಡುತ್ತಿರುವಾಗ ದಡದಲ್ಲಿ ನಿಲ್ಲುವುದಕ್ಕಿಂತ ದೋಣಿ ಹತ್ತುವುದೇ ಕಡಿಮೆ ನಾಚಿಕೆ ಎನಿಸಿತು. ಜಾಕೆಟ್ ತೊಟ್ಟು ಹತ್ತಿದೆ. ಆದರೂ ನೀರಿಗಿಳಿದಿಲ್ಲ, ನೀರಿನ ಮೇಲಿದ್ದೇನೆ ಎಂದು ಮನಸ್ಸಿಗೆ ಹೇಳಿಕೊಂಡೆ.

ಆಕೆ ಬಲಕ್ಕೆ ಹುಟ್ಟು ಹಾಕಿದರೆ ನಾನೂ ಬಲಕ್ಕೇ ಹಾಕುತ್ತಿದ್ದೆ. ದೋಣಿ ಇದ್ದಲ್ಲೇ ಪ್ರದಕ್ಷಿಣೆ ಬರತೊಡಗಿತು.

“ರೊಟ್ಟಿ ಬಡದಂಗ ಬಡೀಬ್ಯಾಡ್ರಿ ವೈನಿ.”

“ನೀವು ಮುಗುಚಿಕಾಯಿಂದ ತಿರುವಿದಂಗ ತಿರುವಾಕತ್ತೀರಿ, ಮೊದಲ ಅದನ್ನ ನಿಲ್ಲಸರಿ.”

ಹೇಗೋ ದಡದಿಂದ ದೂರ ಬಂದೆವು. ಆಗ ಆಕೆ ಮಡಿಲಿನಿಂದ ಒಂದು ತೆಂಗಿನಕಾಯಿ ತೆಗೆದಳು, ಅರಿಸಿನ ಕುಂಕುಮ ಹಚ್ಚಿದ್ದು. ನಮ್ಮ ಕಡೆ ಹೊಸ ನೀರು ದಾಟುವಾಗ ಗಂಗವ್ವನಿಗೆ ಕಾಯಿ ಬಿಡುತ್ತಾರೆ. ಅದು ಮುತ್ತೈದೆಯರ ಕೆಲಸ. ಅಜ್ಜ ಹೋದ ಮೇಲೆ ಅಂಥದಕ್ಕೆಲ್ಲ ನನ್ನನ್ನು ಯಾರೂ ಕರೆದಿರಲಿಲ್ಲ, ನಾನೂ ಮುಂದೆ ಹೋಗಿರಲಿಲ್ಲ.

“ಕೈ ಹಚ್ಚರಿ ವೈನಿ.”

“ನಾ ಹೆಂಗರಿ?”

“ನಾ ಏನು ಮುತ್ತೈದೇನು? ಗಂಗವ್ವಗ ಇಲ್ಲದ ಭೇದ ನಿಮಗ್ಯಾಕ?” ಎಂದವಳೇ ಹಿಂದಕ್ಕೆ ತಿರುಗಿ, ನನ್ನ ಕೈ ಹಿಡಿದು ಕಾಯಿಯ ಮೇಲಿಟ್ಟುಕೊಂಡಳು. ಆಮೇಲೆ, ಕೂತು ಕಾಯಿ ಬಿಡುವುದು ದೇವಿಗೆ ಅಗೌರವ ಎಂದು ನೆನಪಾಗಿ, ಎದ್ದು ನಿಂತಳು.

ಕಯಾಕ್‌ನಲ್ಲಿ ಎದ್ದು ನಿಲ್ಲುತ್ತಾರೆಯೇ? ದಡದಿಂದ ದೋಣಿಯವನು “ಬಸಾ, ಆಜಿ, ಬಸಾ” ಎಂದು ಕೂಗುವುದರೊಳಗೆ ಗಂಗವ್ವ ಕಾಯಿಯ ಜೊತೆಗೆ ನಮ್ಮಿಬ್ಬರನ್ನೂ ತೆಗೆದುಕೊಂಡಳು.

ಮೂಗಿಗೆ ಉಪ್ಪುನೀರು ನುಗ್ಗಿತು. ಕಣ್ಣು ಬಿಟ್ಟಾಗ ನನ್ನ ಕೈಕಾಲುಗಳು ನನ್ನನ್ನು ಕೇಳದೆಯೇ ಆಡುತ್ತಿದ್ದವು. ಜಾಕೆಟ್ ಕಿವಿಯವರೆಗೆ ಏರಿತ್ತು, ಸೀರೆ ಕಾಲಿಗೆ ಸುತ್ತಿಕೊಂಡಿತ್ತು, ಆದರೂ ನಾನು ಈಜುತ್ತಿದ್ದೆ. ಮೈ ಹಗುರಾಗಿತ್ತು. ನಾಚಿಕೆಯಾಗುವಷ್ಟು ಸಂತೋಷವಾಯಿತು.

ನಾದಿನಿ ಸ್ವಲ್ಪ ದೂರದಲ್ಲಿ ತೇಲುತ್ತಿದ್ದಳು. ಸದ್ದಿಲ್ಲ. ಆ ಗಂಟಲು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಈಜಿ ಹತ್ತಿರ ಹೋದೆ. ಕಣ್ಣು ಗಟ್ಟಿಯಾಗಿ ಮುಚ್ಚಿದ್ದಳು. ಕೈ ಹಿಡಿದರೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು.

“ಅಕ್ಕಾರ, ಅಂಜೀರೇನು?”

“ಹೂಂ.”

“ಬಾಳೆಹಣ್ಣಿನ ಮ್ಯಾಗ ಅಂಜಲಿಲ್ಲ?”

“ಅವತ್ತೂ ಅಂಜಿದ್ದೆ. ಮ್ಯಾಲ ಹಾರಿದಾಗಂತೂ ಜೀವಾ ಬಾಯಾಗ ಬಂದಿತ್ತು, ಅದಕ್ಕ ನಿಮಗ ಫೋನ್ ಮಾಡಿದ್ನಿ.” ಕಣ್ಣು ತೆರೆಯದೆಯೇ ಹೇಳಿದಳು. “ನೀವು ಆ ಕುರ್ಚಿ ಮ್ಯಾಗ ಕುಂತದ್ದು ನೋಡಿದ್ರ ಇದಕ್ಕಿಂತ ಹೆಚ್ಚು ಅಂಜಿಕಿ ಬರತಿತ್ರಿ ವೈನಿ. ಅಣ್ಣ ಹೋದ. ನೀವೂ ಕುಂತಲ್ಲೇ ಹೋಗಾಕತ್ತಿದ್ರಿ.”

ದೋಣಿಯವನು ನಮ್ಮನ್ನು ಎಳೆದುಕೊಳ್ಳಲು ಅವಸರದಲ್ಲಿ ಬರುತ್ತಿದ್ದ. ಪರಗಂಡಸಿನೊಡನೆ ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ನಾನು ಕೈಯೆತ್ತಿ “ಥಾಂಬಾ” ಎಂದು ಕೂಗಿದೆ. ಅವನು ಅಲ್ಲೇ ನಿಂತ.

ಆಕೆಯನ್ನು ಮೆಲ್ಲಗೆ ಅಂಗಾತ ಮಲಗಿಸಿದೆ. ಬೆನ್ನಿನ ಕೆಳಗೆ ಅಂಗೈ ಕೊಟ್ಟೆ.

“ಮೈ ಸಡಲ ಬಿಡ್ರಿ. ಕಣ್ಣ ತಗದು ಮ್ಯಾಲ ನೋಡ್ರಿ.”

ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು.

“ವೈನಿ, ಕೈ ತಗೀಬ್ಯಾಡ್ರಿ ಮತ್ತ.”

“ಇಲ್ರಿ.”

ಆಕೆಯನ್ನು ತೇಲಿಸುತ್ತಿದ್ದದ್ದು ಜಾಕೆಟ್. ನನ್ನ ಕೈಯ ಅಗತ್ಯ ಅಲ್ಲಿ ಒಂದಿಷ್ಟೂ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತೆಂದು ಕಾಣುತ್ತದೆ. ದೋಣಿಯವನು ಎರಡು ಸಲ ಕರೆದರೂ ನಾನು ಕೈ ತೆಗೆಯಲಿಲ್ಲ.